ಕವರು ಕಿತ್ತುಕೊಂಡರೆ ಕಾವು ಇಳಿಯುತ್ತದೆಯೇ?

ಮಾನ್ಯರೆ,

‘ಬಟ್ಟೆ ಚೀಲ ಹಿಡಿಯಿರಿ, ಭೂಮಿ ತಂಪಾಗಿಸಿ’ ಜಾಥಾದ ವರದಿಯನ್ನು ಮಂಗಳವಾರದ ಪತ್ರಿಕೆಯಲ್ಲಿ ಓದಿದೆ. ಫೋಟೊದ ಎಡತುದಿಯಲ್ಲಿ ಬಗ್ಗಿಕೊಂಡು ಕರಿಬೇವು ಆಯುತ್ತಿರುವ ಮುದುಕ ನಾನೇ. ‘ಉತ್ಸಾಹದಿಂದ ಪಾಲ್ಗೊಂಡ ಹಿರಿಯ ನಾಗರಿಕರು’ ಎಂದು ಕೆಳಗೆ ಹಾಕಿದ್ದೀರಿ. ಪಾಲ್ಗೊಳ್ಳಲು ಹೋದವನಲ್ಲ ನಾನು. ಸೊಪ್ಪು ತೆಗೆದುಕೊಂಡು ಮನೆಗೆ ಹೊರಟಿದ್ದೆ.

ಬಸ್ ಸ್ಟಾಪಿಗೇ ಶಾಮಿಯಾನ ಎಬ್ಬಿಸಿದ್ದರು. ಬಸ್ಸುಗಳೆಲ್ಲ ಟ್ಯಾಂಕ್ ರಸ್ತೆಗೆ ತಿರುಗಿದ್ದವಂತೆ. ಹೇಳುವವರಿಲ್ಲ, ಒಂದು ಬೋರ್ಡಿಲ್ಲ. ಮಂಡಿನೋವು ಇಟ್ಟುಕೊಂಡು ಮುಕ್ಕಾಲು ಗಂಟೆ ನಿಂತಿದ್ದಕ್ಕೆ ಸಿಕ್ಕ ಬಹುಮಾನವೆಂದರೆ, ಟೋಪಿ ಹಾಕಿದ ಹುಡುಗನೊಬ್ಬ ಬಂದು ‘ಅಂಕಲ್, ನಿಮ್ಮಿಂದಲೇ ಭೂಮಿ ಬಿಸಿಯಾಗ್ತಿರೋದು’ ಎಂದು ನನ್ನ ಕವರು ಕಸಿದುಕೊಂಡ. ಅರ್ಧ ಸೊಪ್ಪು ನೆಲಕ್ಕೆ. ಆ ಕವರು ಬಟ್ಟೆ ಅಂಗಡಿಯವರು ಯುಗಾದಿಗೆ ಕೊಟ್ಟದ್ದು. ನಮ್ಮ ಮನೆಯವರು ಅದನ್ನು ತೊಳೆದು, ತಂತಿಯ ಮೇಲೆ ಒಣಹಾಕಿ, ಮಡಚಿ ಹಾಸಿಗೆ ಕೆಳಗಿಟ್ಟು ಇಷ್ಟು ದಿನ ನಡೆಸಿದ್ದರು.

ಬದಲಿಗೆ ಕೊಟ್ಟ ‘ಬಟ್ಟೆ ಚೀಲ’ದ ಮೇಲೆ ನಾಯಕರ ಮುಖ, ಅದರ ಕೆಳಗೆ ಒಂದು ಸಣ್ಣ ಗಿಡ. ಮನೆಗೆ ಬಂದು ಅದರ ಅಂಚಿಗೆ ಬೆಂಕಿಕಡ್ಡಿ ಹಿಡಿದೆ. ಹತ್ತಿಯಾಗಿದ್ದರೆ ಬೂದಿಯಾಗಬೇಕು, ಇದು ಮುದುಡಿ, ಕರಗಿ, ಕರೀ ಗುಂಡಾಯಿತು. ಪ್ಲಾಸ್ಟಿಕ್ಕೇ! ನಿಜವಾದ ಹತ್ತಿಯದೇ ಕೊಟ್ಟಿದ್ದರೂ, ಒಮ್ಮೆ ಬಳಸಿ ಎಸೆಯುವ ತೆಳು ಕವರಿಗಿಂತ ಭೂಮಿಯ ಬಿಸಿಯ ಲೆಕ್ಕದಲ್ಲಿ ಅದು ಮೇಲೆನಿಸಬೇಕಾದರೆ 131 ಸಲ ಬಳಸಬೇಕೆಂದು ಇಂಗ್ಲೆಂಡಿನ ಪರಿಸರ ಏಜೆನ್ಸಿಯೇ 2011ರಲ್ಲಿ ಹೇಳಿದೆ. ನಮ್ಮ ಮನೆಯಲ್ಲಿ ಇಂಥ ಭಾಷಣದ ಚೀಲಗಳು ಹದಿನಾಲ್ಕು ಬಿದ್ದಿವೆ. 131ರಂತೆ ಎಲ್ಲವನ್ನೂ ಮುಗಿಸಲು ನನಗೆ ಆಯಸ್ಸು ಸಾಲದು.

ಪ್ಲಾಸ್ಟಿಕ್ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಮೋರಿ ಕಟ್ಟುತ್ತದೆ, ದನದ ಹೊಟ್ಟೆ ಸೇರುತ್ತದೆ. ಆ ಪಾಪ ಬೇರೆ, ಹವಾಮಾನದ ಪಾಪ ಬೇರೆ. ನಾಲ್ಕೈದು ಗ್ರಾಂ ತೂಗುವ ಕವರನ್ನು ತಯಾರಿಸಿ, ಕೊನೆಗೆ ಸುಟ್ಟುಹಾಕಿದರೂ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ಇಪ್ಪತ್ತು ಮೂವತ್ತು ಗ್ರಾಂ. ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕೆಜಿಗೂ ಮೇಲೆ. ಅಂದು ಸಾಹೇಬರ ಗಾಡಿಗಳು ಹನ್ನೊಂದು. ನಿಂತಲ್ಲೇ ಇಂಜಿನ್ ಓಡುತ್ತಿತ್ತು, ಒಳಗೆ ಏಸಿ ಹಾಕಿಕೊಂಡು ಡ್ರೈವರುಗಳು ಮೊಬೈಲ್ ನೋಡುತ್ತಿದ್ದರು. ನೂರು ಕವರಿನ ಪಾಪ ಸಭೆ ಮುಗಿಯುವುದರೊಳಗೆ ಎಷ್ಟು ಸಲ ಆಗಿಹೋಯಿತೋ!

ವೇದಿಕೆಯಲ್ಲಿ ಉಪದೇಶ ಏನೆಂದರೆ, ‘ಚಾರ್ಜರ್ ಪ್ಲಗ್ ತೆಗೆಯಿರಿ, ಪೃಥ್ವಿ ಉಳಿಸಿ’. ನಾನು ಮೂವತ್ತೊಂದು ವರ್ಷ ಮನೆಮನೆ ಮೀಟರ್ ಓದಿದವನು ಸ್ವಾಮಿ. ಖಾಲಿ ಚಾರ್ಜರ್ ವರ್ಷಪೂರ್ತಿ ನೇತಾಡಿದರೂ ಓಡುವುದು ಒಂದೆರಡು ಯೂನಿಟ್. ಒಂದೂವರೆ ಟನ್ ಏಸಿ ಒಂದು ಗಂಟೆಗೇ ಅಷ್ಟು ತಿನ್ನುತ್ತದೆ. ಎರಡು ಕಿಲೋವಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್. ಒಂಬತ್ತು ವಾಟ್ ಬಲ್ಬು ಅಷ್ಟು ತಿನ್ನಬೇಕಾದರೆ ನೂರು ಗಂಟೆ ದಾಟಬೇಕು. ಗೀಸರ್, ಏಸಿ, ಕಾರಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ಹೇಗೆ ಎತ್ತಿಯಾರು?

ಮುಖ್ಯ ಭಾಷಣಕಾರರು ಹೋದ ವರ್ಷ ಕಸ ವಿಂಗಡಣೆ ಕಲಿಯಲು ವಿದೇಶಕ್ಕೆ ಹಾರಿಬಂದವರು. ಅಟ್ಲಾಂಟಿಕ್ ಆಚೆಗೆ ಒಂದು ಸಲ ಹೋಗಿಬರುವ ಪ್ರಯಾಣ ತಪ್ಪಿಸಿದರೆ ತಲೆಗೆ 1.6 ಟನ್ ಕಾರ್ಬನ್ ಡೈಆಕ್ಸೈಡ್ ಉಳಿಯುತ್ತದೆಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಕಸ ಮರುಬಳಕೆಯಿಂದ ವರ್ಷಕ್ಕೆ ಉಳಿಯುವುದು ಸುಮಾರು 0.2 ಟನ್. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಎಂದು ಹಿಡಿಯಿರಿ. ತಿಂಗಳಿಗೆ 95 ಯೂನಿಟ್ ಉರಿಸುವ ನಮ್ಮ ಮನೆಯ ಎರಡು ವರ್ಷದ ಕರೆಂಟು ಆ 1.6 ಟನ್. ಆ ವಿದೇಶ ಪ್ರವಾಸದಲ್ಲಿ ಅವರು ಕಲಿತು ಬಂದದ್ದೇನೆಂದರೆ, ನಮ್ಮ ಬೀದಿಗೆ ಈಗ ಕಸದ ಗಾಡಿ ವಾರಕ್ಕೆರಡೇ ದಿನ.

ಮೊದಲು ಹದಿನೈದು ನಿಮಿಷಕ್ಕೊಂದು ಬಸ್ಸಿತ್ತು, ಈಗ ಗಂಟೆಗೊಂದು. ಅದೂ ದೇವರಿಗೇ ಪ್ರೀತಿ. ಮಧ್ಯಾಹ್ನದ ಟ್ರಿಪ್ ಕಿತ್ತಮೇಲೆ ಎದುರುಮನೆಯವರು ಸಾಲ ಮಾಡಿ ಕಾರು ತಂದರು, ಅದನ್ನು ನೋಡಿ ಪಕ್ಕದವರೂ ತಂದರು. ನೆರಳಿಗೆ ಸ್ಟಾಪಿನ ಪಕ್ಕ ಒಂದು ಹೊಂಗೆ ಮರವಿತ್ತು. ಚರಂಡಿ ಕೆಲಸಕ್ಕೆಂದು ಕಡಿದರು, ಚರಂಡಿ ಇನ್ನೂ ಆಗಿಲ್ಲ. ನಾಲ್ಕನೇ ಕ್ರಾಸಿನ ಬೀದಿದೀಪ ಹಾಡಹಗಲೇ ಉರಿಯುತ್ತಿದೆ ಎಂದು ಏಳು ಅರ್ಜಿ ಕೊಟ್ಟಿದ್ದೇನೆ. ಐದನೆಯದಕ್ಕೆ ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಉತ್ತರವೂ ಬಂತು. ಉತ್ತರವನ್ನು ಆ ದೀಪದ ಕೆಳಗೇ, ಮಧ್ಯಾಹ್ನ ಹನ್ನೆರಡಕ್ಕೆ ಓದಿದೆ.

ಅಂದು ಆಟೋಕ್ಕೆ ನೂರಿಪ್ಪತ್ತು ರೂಪಾಯಿ ತೆತ್ತು ಮನೆ ಸೇರಿದೆ. ಸಂಬಂಧಪಟ್ಟವರು ಇನ್ನಾದರೂ ಬಸ್ಸು ಬಿಡಲಿ. ಇಲ್ಲವೇ ಭಾಷಣ ಬಿಡಲಿ. ಮುಂದಿನ ಜಾಥಾಕ್ಕಾದರೂ ನಡೆದುಕೊಂಡು ಬರಲಿ, ಜಾಥಾ ಎಂದರೆ ನಡೆಯುವುದು ತಾನೇ? ಹಾಗೇ ಆ ಹುಡುಗನಿಗೆ ಹೇಳಿ ನನ್ನ ಕವರು ವಾಪಸ್ ಕೊಡಿಸಲಿ. ಮನೆಯಲ್ಲಿ ದಿನಾ ಕೇಳುತ್ತಿದ್ದಾರೆ.

– ನಿವೃತ್ತ ಮೀಟರ್ ರೀಡರ್, ಎರಡನೇ ಹಂತ