ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ರಾತ್ರಿ

ಪ್ರೀತಿಯ ಅಮ್ಮ,

ಮೊದಲು ನೀನು ಕೇಳುವ ಪ್ರಶ್ನೆಗೇ ಉತ್ತರ. ಹೌದು, ಹೊಟ್ಟೆ ತುಂಬಾ ತಿಂದೆವು, ಮಾಂಸ ಇಲ್ಲದ್ದೇ ಸಿಕ್ಕಿತು. ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗಿ ಒಳಗೆ ಹೋಗಿ ಅಡುಗೆಯವರನ್ನು ಕೇಳಿಕೊಂಡೇ ಬಂದಳು. ಬಿಲ್ಲು ಎಷ್ಟಾಯಿತು ಅಂತ ಮಾತ್ರ ಕೇಳಬೇಡ. ಹೇಳಿದರೆ ಅಪ್ಪ ಅದನ್ನು ರೂಪಾಯಿ ಮಾಡಿ, ಅಷ್ಟಕ್ಕೆ ಅಂಗಡಿಗೆ ಎಷ್ಟು ಸೀರಿಯಲ್ ಸೆಟ್ ಬರುತ್ತಿತ್ತು ಅಂತ ಲೆಕ್ಕ ಹಾಕುತ್ತಾ ಕೂರುತ್ತಾರೆ. ಅದರ ಮೇಲೆ ಟಿಪ್ಸ್ ಬೇರೆ, ಇಲ್ಲಿ ನೂರಕ್ಕೆ 18, 20 ಕೊಡಬೇಕು.

ಇವರ ಹುಟ್ಟುಹಬ್ಬಕ್ಕೆ ಅಂತ ಡಿಸ್ನಿಲ್ಯಾಂಡಿಗೆ ಹೋಗಿದ್ದೆವು. ಅನಾಹೈಮ್‌ನಲ್ಲಿದೆ, ನಮ್ಮ ಮನೆಯಿಂದ ಕಾರಲ್ಲಿ ಹತ್ತಿರವೇ. ಅದರೊಳಗೆ ಬ್ಲೂ ಬಾಯು ಅಂತ ಒಂದು ಹೋಟೆಲು. ಸುಮ್ನೆ ಹೋಗಿ ಕೂರುವ ಜಾಗ ಅಲ್ಲ. ಮೊದಲು ಪಾರ್ಕಿನ ಟಿಕೆಟ್ ಬೇಕು, ಆಮೇಲೆ ಊಟಕ್ಕೆ ಬೇರೆ ಬುಕಿಂಗ್. ಅದು 60 ದಿನ ಮುಂಚೆ ತೆರೆಯುತ್ತದೆ, ಜನ ಕಾದಿದ್ದು ಹಿಡಿಯುತ್ತಾರೆ. ಇವರಿಗೆ ಇಂಥದ್ದರಲ್ಲಿ ತಾಳ್ಮೆ ಜಾಸ್ತಿ, ಗೊತ್ತಲ್ವಾ.

ಹೊರಗೆ ಕ್ಯಾಲಿಫೋರ್ನಿಯಾದ ಬಿಸಿಲು, ಚಿನ್ನು ಮೂತಿ ಕೆಂಪಗೆ ಮಾಡಿಕೊಂಡು ನಡೆಯಲ್ಲ ಅಂತ ಹಟ ಹಿಡಿದು ಇವರ ಹೆಗಲೇರಿದ್ದಳು, ಬಾಗಿಲು ದಾಟಿ ಎರಡು ಹೆಜ್ಜೆ ಒಳಗೆ ಹೋಗುತ್ತಿದ್ದ ಹಾಗೆ ರಾತ್ರಿ ಆಗಿಬಿಟ್ಟಿತು. ತಣ್ಣಗೆ. ಜೀರುಂಡೆ ಸದ್ದು, ನಡುವೆ ಕಪ್ಪೆ ವಟಗುಟ್ಟುವುದು. ಎದುರಿಗೆ ನಿಜವಾದ ನೀರು. ಆ ದಡದಲ್ಲಿ ಒಂದು ಹಳೇ ಮರದ ಮನೆ, ಜಗುಲಿಯಲ್ಲಿ ಒಬ್ಬ ಮುದುಕ ತೂಗುಕುರ್ಚಿಯಲ್ಲಿ ಕೂತು ತೂಗಿಕೊಳ್ಳುತ್ತಿದ್ದಾನೆ. ಬೊಂಬೆ ಅಂತ ಗೊತ್ತಿದ್ದರೂ ನಾನು ಅವನನ್ನೇ ನೋಡುತ್ತಾ ಕೂತಿದ್ದೆ. ಚಿನ್ನು ಹಟ ಮರೆತು ಪಿಸುಗುಟ್ಟಲು ಶುರು ಮಾಡಿದಳು, ಯಾರೂ ಹೇಳಿಕೊಟ್ಟಿರಲಿಲ್ಲ.

ಇದು ಅಮೆರಿಕದ ದಕ್ಷಿಣದಲ್ಲಿರುವ ಲೂಸಿಯಾನಾದ ಕೆರೆ ಜೌಗು ಇರುವ ಊರಿನ ಸಂಜೆಯಂತೆ. ಕಡಲ್ಗಳ್ಳರ ದೋಣಿ ಸವಾರಿ ಅಂತ ಒಂದಿದೆ, ಅದರ ಕಟ್ಟಡದ ಒಳಗೇ ಈ ಹೋಟೆಲು. ನಾವು ತಿನ್ನುತ್ತಿದ್ದರೆ ಪಕ್ಕದಲ್ಲೇ ದೋಣಿಗಳು ಜನರನ್ನು ಕೂರಿಸಿಕೊಂಡು ತೇಲಿಕೊಂಡು ಹೋಗುತ್ತವೆ. ಅವರಿಗೆ ನಾವು ನೋಟ, ನಮಗೆ ಅವರು. ನಮಗೆ ನೀರಿನ ಪಕ್ಕದ ಮೇಜೇ ಸಿಕ್ಕಿತ್ತು. ಕೇಳಬಹುದು ಅಷ್ಟೇ, ಸಿಗುವುದು ಅದೃಷ್ಟ. ಚಿನ್ನು ಒಂದು ದೋಣಿಯನ್ನೂ ಬಿಡದೆ ಟಾಟಾ ಮಾಡಿದಳು, ಊಟ ಆರಿ ಹೋಯಿತು.

ಅಪ್ಪ, ಇಲ್ಲಿಂದ ನಿಮಗೆ. ಅಮ್ಮ, ಜೋರಾಗಿ ಓದು.

ಡ್ರಾಮಾ ಸೀನರಿಯವರ ಜೊತೆ ನೀವು ಜಗಳ ಆಡುತ್ತಿದ್ದಿರಲ್ಲ, ಪರದೆ ಮೇಲೆ ನೇರ ಲೈಟು ಬಿಟ್ಟರೆ ಕಾಡು ಹೋಗಿ ಬಟ್ಟೆ ಕಾಣಿಸುತ್ತದೆ ಅಂತ. ಇಲ್ಲಿ ನಿಮ್ಮ ಮಾತು ಕೇಳಿದ ಹಾಗೇ ಮಾಡಿದ್ದಾರೆ. ಚಾವಣಿ ಬಹಳ ಎತ್ತರ, ಕಪ್ಪು ನೀಲಿ. ಅದರ ಮೇಲೆ ಒಂದು ಲೈಟೂ ನೇರವಾಗಿ ಬೀಳುವುದಿಲ್ಲ, ಹಾಗಾಗಿ ಗೋಡೆ ಎಲ್ಲಿ ಮುಗಿಯಿತು ಅನ್ನುವುದೇ ಕಣ್ಣಿಗೆ ಸಿಗುವುದಿಲ್ಲ. ಇರುವ ಬೆಳಕೆಲ್ಲ ತಲೆ ಮೇಲಿನ ಬಣ್ಣದ ಲಾಟೀನುಗಳದ್ದು, ಮೇಜಿನ ಮೇಲಿನ ಪುಟ್ಟ ದೀಪದ್ದು. ಮೆನು ಓದಲು ಕಣ್ಣು ಕಿರಿದು ಮಾಡಬೇಕು. ಮಿಂಚುಹುಳ ಹೇಗೆ ಮಾಡಿದ್ದಾರೆ ಗೊತ್ತಾ? ತೆಳ್ಳನೆಯ ತಂತಿ, ತುದಿಗೆ ಸಾಸಿವೆಯಷ್ಟು ಬಲ್ಬು, ಅದಕ್ಕೆ ಗಾಳಿ ಊದುವ ಫ್ಯಾನು. ತಂತಿ ಕತ್ತಲಲ್ಲಿ ಕಾಣುವುದಿಲ್ಲ, ಬಲ್ಬು ಮಾತ್ರ ಓಲಾಡುತ್ತದೆ. ಇಷ್ಟೇ! ಈ ಹೋಟೆಲು ಶುರುವಾಗಿದ್ದು 1967ರ ಮಾರ್ಚ್‌ನಲ್ಲಿ. ಮಾಡಿಸಿದ ವಾಲ್ಟ್ ಡಿಸ್ನಿ ಅದು ಶುರುವಾಗಿದ್ದನ್ನು ನೋಡಲೇ ಇಲ್ಲ, 1966ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಇನ್ನೊಂದು ಕೇಳಿ. ಊಟ ಆದ ಮೇಲೆ ನಾವೂ ದೋಣಿ ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ದೋಣಿ ಕತ್ತಲಲ್ಲಿ ದಡಾರನೆ ಕೆಳಗೆ ಜಾರುತ್ತದೆ, ಜಲಪಾತದ ಹಾಗೆ. ಹೆದರಿಸಲು ಅಂದುಕೊಂಡಿದ್ದೆ. ಅಸಲಿ ವಿಷಯ ಏನಂದರೆ ಪಾರ್ಕಿನ ಸುತ್ತ ರೈಲು ಹಳಿ ಇದೆ, ಈ ಕಟ್ಟಡದಲ್ಲಿ ಜಾಗ ಸಾಲದೆ ದೊಡ್ಡ ಸೀನುಗಳನ್ನೆಲ್ಲ ಹಳಿಯ ಆಚೆ ಕಟ್ಟಿದ್ದಾರೆ. ದೋಣಿ ಹಳಿಯ ಅಡಿಯಲ್ಲಿ ನುಸುಳಬೇಕಲ್ಲ, ಅದಕ್ಕೇ ಇಳಿಸುವುದು! ಕೊನೆಯಲ್ಲಿ ಮತ್ತೆ ಮೇಲಕ್ಕೆ ಎಳೆದು ತರುತ್ತಾರೆ. ಮೊದಲು ಇದನ್ನು ಬೊಂಬೆಗಳ ನಡುವೆ ಜನ ನಡೆದುಕೊಂಡು ಹೋಗುವ ಮ್ಯೂಸಿಯಂ ಮಾಡಬೇಕು ಅಂತಿದ್ದರಂತೆ. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಡಿಸ್ನಿಯವರು ಇನ್ನೊಂದು ದೋಣಿ ಸವಾರಿ ಮಾಡಿ ಗೆದ್ದ ಮೇಲೆ ದೋಣಿಗೆ ಬದಲಾಯಿಸಿದರು. ಗುಬ್ಬಿ ಕಂಪನಿಯವರು ಸ್ಟೇಜಿಗೆ ನಿಜವಾದ ಆನೆ ತರುತ್ತಿದ್ದರು ಅಂತ ನೀವು ಹೇಳುವಾಗ ನಾವು ನಗುತ್ತಿದ್ದೆವು. ಇನ್ನು ನಗುವುದಿಲ್ಲ.

ಅಮ್ಮ, ಊಟದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮಗೆ ಅನ್ನದ ಜೊತೆ ಬಾಡಿಸಿದ ತರಕಾರಿ, ಖಾರದ ಸಾಸು. ಚೆನ್ನಾಗಿತ್ತು. ಆದರೆ ಅಷ್ಟು ದುಡ್ಡಿನ ರುಚಿ ಅಲ್ಲ, ನಿಜ ಹೇಳುತ್ತೇನೆ. ಜೊತೆಗೆ ಬಂದಿದ್ದ ಇವರ ಸ್ನೇಹಿತರು ಮಾಂಟೆ ಕ್ರಿಸ್ಟೋ ತರಿಸಿದರು, ಇಲ್ಲಿ ಅದಕ್ಕೆ ಬಹಳ ಹೆಸರು. ಬ್ರೆಡ್ ನಡುವೆ ಹಂದಿ ಮಾಂಸ, ಟರ್ಕಿ ಕೋಳಿ, ಚೀಸ್ ಇಟ್ಟು, ನೀನು ಬೋಂಡಾ ಅದ್ದುವ ಹಾಗೆ ಹಿಟ್ಟಿನಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿದು, ಅದರ ಮೇಲೆ ಸಕ್ಕರೆ ಪುಡಿ! ನನಗೆ ನೋಡಿಯೇ ಸಾಕಾಯಿತು, ಅವರು ತಟ್ಟೆ ಖಾಲಿ ಮಾಡಿದರು. ಪುದೀನ ಹಾಕಿದ ಹಸಿರು ಶರಬತ್ತು ಕುಡಿದೆ. ಹೆಂಡ ಅಲ್ಲ, ಗಾಬರಿ ಬೇಡ. ಜಾಸ್ತಿ ಸಿಹಿ.

ಮತ್ತೆ ಹೋಗುತ್ತೀಯಾ ಅಂದರೆ, ನೀವಿಬ್ಬರೂ ಬಂದಾಗ ಮಾತ್ರ. ನಿನಗೆ ಊಟ ಹಿಡಿಸುವುದಿಲ್ಲ, ಮನೆಯಿಂದಲೇ ತಿಂದುಕೊಂಡು ಹೋಗೋಣ. ಅಪ್ಪನನ್ನು ಮಾತ್ರ ಆ ಮೇಜಿನಿಂದ ಎಬ್ಬಿಸುವುದು ಕಷ್ಟ. ಪಾಸ್‌ಪೋರ್ಟಿಗೆ ಫೋಟೊ ತೆಗೆಸಿ ಅಂತ ಎಷ್ಟು ಸಲ ಹೇಳಬೇಕು?

ತಮ್ಮನ ಫೋನಿಗೆ ವಿಡಿಯೊ ಕಳಿಸಿದ್ದೇನೆ. ಕತ್ತಲಲ್ಲಿ ಸರಿಯಾಗಿ ಬಂದಿಲ್ಲ, ಆದರೆ ಮಿಂಚುಹುಳ ಓಡಾಡುವ ರೀತಿ ಕಾಣಿಸುತ್ತದೆ. ಅಪ್ಪ, ಈ ಸಲ ನಮ್ಮ ಬೀದಿ ಗಣೇಶನ ಪೆಂಡಾಲಿನಲ್ಲಿ ಅದೊಂದು ಮಾಡಿ ನೋಡಿ. ಬಲ್ಬು, ತಂತಿ, ಫ್ಯಾನು ಮೂರೂ ಅಂಗಡಿಯಲ್ಲೇ ಇವೆ. ಸಂಘದ ಹುಡುಗರು ಕತ್ತಲೆ ಅಂತ ಗಲಾಟೆ ಮಾಡುತ್ತಾರೆ, ಎಷ್ಟೇ ಬಾಯಿ ಮಾಡಿದರೂ ಟ್ಯೂಬ್‌ಲೈಟ್ ಹಾಕಲು ಬಿಡಬೇಡಿ.

ನಿಮ್ಮ ಮಗಳು