ಕೋಲು ಕೊಟ್ಟ ಅಜ್ಜನಿಗೆ ದೊಡ್ಡ ಥ್ಯಾಂಕ್ಸ್

ಹೋದ ಶನಿವಾರ ನಾನೂ ನಮ್ಮನೆಯವ್ರೂ ವೇಲ್ಸ್‌ನ ಪೆಂಬ್ರೋಕ್‌ಶೈರ್‌ನಲ್ಲಿ ಸಾಲ್ವಾ ಇಂದ ಸೇಂಟ್ ಡೇವಿಡ್ಸ್ ಕಡೆಗೆ ಸಮುದ್ರದ ಪಕ್ಕದ ದಾರೀಲಿ ನಡೀತಿದ್ವಿ. 1970ರಲ್ಲಿ ಶುರುವಾದ ಈ ದಾರಿ ಪೂರ್ತಿ 186 ಮೈಲಿ, ನಾವು ನಡೆದಿದ್ದು ಅದ್ರಲ್ಲಿ ಚೂರೇ ಚೂರು ಬಿಡಿ, ಆದ್ರೂ ಪ್ರತಿ ಕೊಲ್ಲಿಗೂ ಇಳಿ, ಮತ್ತೆ ಹತ್ತು, ಮಂಡಿ ಕಿತ್ಕೊಂಡು ಬಂತು. ಕೈರ್‌ವೈ ಬೀಚ್ ಹತ್ರ ಮಂಜು ಮುಸುಕ್ತು, ಒದ್ದೆ ಹುಲ್ಲಲ್ಲಿ ಜಾರಿ ನನ್ನ ಕಾಲು ಉಳುಕ್ತು, ಫೋನಲ್ಲಿ ಸಿಗ್ನಲ್ಲೂ ಇಲ್ಲ.

ಆಗ ಬಂದ್ರು ನೋಡಿ ಒಬ್ರು ಅಜ್ಜ, ಜೊತೆಗೊಂದು ಕಪ್ಪು ಬಿಳಿ ನಾಯಿ. ಏನೂ ಕೇಳ್ದೆ ತಮ್ಮ ಮಫ್ಲರ್ ಬಿಚ್ಚಿ ನನ್ನ ಪಾದಕ್ಕೆ ಬಿಗಿಯಾಗಿ ಸುತ್ತಿ, ಫ್ಲಾಸ್ಕಿಂದ ಟೀ ಬಗ್ಗಿಸಿ ಕೊಟ್ಟು (ಸಕ್ಕರೆ ಇರ್ಲಿಲ್ಲ, ಆದ್ರೂ ಅಮೃತ), ಕೋಲನ್ನ ನನ್ನ ಕೈಗಿಟ್ಟು, ಕಂಬದ ಮೇಲಿನ ಓಕ್ ಕಾಯಿ ಚಿತ್ರ ತೋರಿಸಿ, ಇದೇ ದಾರಿಯ ಗುರುತು, ಇದನ್ನ ನೋಡ್ಕೊಂಡೇ ನಡೀರಿ ಅಂತ ಹೇಳ್ತಾ ಹೇಳ್ತಾ ಬಸ್ ಸ್ಟಾಪ್ ತನಕ ಬಂದ್ರು.

ಅಜ್ಜ, ನಿಮ್ಮ ಹೆಸ್ರು ಕೇಳೋದೇ ಮರ್ತೆ, ನಾಯಿ ಹೆಸ್ರು ಮೆಗ್ ಅಂತ ಮಾತ್ರ ಗೊತ್ತು. ತುಂಬಾ ತುಂಬಾ ಥ್ಯಾಂಕ್ಸ್. ಗಡಿಬಿಡೀಲಿ ಕೋಲು ವಾಪಸ್ ಕೊಡೋಕಾಗ್ಲಿಲ್ಲ, ನಮ್ಮನೆ ಬಾಗಿಲ ಹಿಂದೆ ಇದೆ.