ಗದ್ದೆ ಭೋಗ್ಯಕ್ಕೆ ಹಾಕೋದು ಬೇಡ

ಅಪ್ಪಾಜಿಗೆ, ಅವ್ವಂಗೆ ನಮಸ್ಕಾರ.

ನಾನು ಚೆನ್ನಾಗಿದೀನಿ, ಊಟ ತಿಂಡಿ ಸರಿಯಾಗಿ ನಡೀತಿದೆ, ನೀವೂ ಎಲ್ಲ ಚೆನ್ನಾಗಿದೀರ ಅಂದ್ಕೋತೀನಿ. ಪುಟ್ಟಿ ಫೀಸಿಗೆ ಗದ್ದೆ ಭೋಗ್ಯಕ್ಕೆ ಹಾಕ್ತೀನಿ ಅಂತ ನೀವು ಬರೆದು, ಅವಳ ಕೈಲೇ ಫೋಟೋ ಹೊಡೆಸಿ ಕಳಿಸಿದ ಕಾಗದ ಬಂತು. ಫೋನಲ್ಲೇ ಮಾತಾಡ್ಬೋದಿತ್ತು, ಆದ್ರೆ ಫೋನಲ್ಲಿ ನಾನು ಜೋರು ಮಾಡ್ತೀನಿ, ನೀವು ‘ಆಯ್ತು ಬುಡವ್ವ’ ಅಂತ ಫೋನ್ ಅವ್ವನ ಕೈಗೆ ಕೊಟ್ಬುಡ್ತೀರ, ಅದ್ಕೇ ಬರೀತಿದೀನಿ. ಪುಟ್ಟಿ, ಇದನ್ನ ಪೂರ್ತಿ ಓದಿ ಹೇಳು, ನಿಂಗೆ ಬೇಕಾದ್ದು ಮಾತ್ರ ಓದಿ ಮಿಕ್ಕಿದ್ದು ನುಂಗ್ಬೇಡ.

ಮೊದಲು ಆ ಕನ್ಸಲ್ಟೆನ್ಸಿಯವನ ವಿಷಯ. ಅವನಿಗೆ ಒಂದು ರೂಪಾಯಿನೂ ಕೊಡ್ಬೇಡಿ ಅಪ್ಪಾಜಿ. 25,000 ಪ್ರಾಸೆಸಿಂಗ್ ಚಾರ್ಜು ಕಟ್ಟಿದ್ರೆ ಅಮೆರಿಕದ ಟ್ರಸ್ಟಿಂದ ಪುಟ್ಟಿಗೆ ನಾಲ್ಕು ಲಕ್ಷ ಗ್ಯಾರಂಟಿ ಅಂದನಂತೆ. ನಾನು ಇರೋದೇ ಅಮೆರಿಕದಲ್ಲಿ, ಇಲ್ಲಿ ಕೂತ್ಕೊಂಡು ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕೋದೇ ನಂದೊಂದು ಅರ್ಧ ಕೆಲಸ ಆಗೋಗಿದೆ, ಮಂಡ್ಯದಲ್ಲಿ ಬಿಇ ಓದೋ ಹುಡುಗಿಗೆ ಸುಮ್ನೆ ದುಡ್ಡು ಕಳಿಸೋ ಟ್ರಸ್ಟು ನನ್ನ ಕಣ್ಣಿಗೆ ಬಿದ್ದಿಲ್ಲ, ಅವನ ಕಣ್ಣಿಗೆ ಹೆಂಗೆ ಬಿತ್ತು? ದುಡ್ಡು ಕೊಡೋರು ಯಾರೂ ಮೊದಲು ದುಡ್ಡು ಕೇಳಲ್ಲ. ಗ್ಯಾರಂಟಿ ಅನ್ನೋ ಮಾತು ಬಂತು ಅಂದ್ರೆ ಅಲ್ಲಿಂದ ಎದ್ದು ಬರೋದೇ. ಓಟಿಪಿ, ಪಾಸ್‌ಬುಕ್ ಜೆರಾಕ್ಸು, ಆಧಾರು ಏನಾದ್ರೂ ಕೊಟ್ಟಿದೀರ? ಕೊಟ್ಟಿದ್ರೆ ಮುಚ್ಚಿಡ್ಬೇಡಿ, ಈಗ್ಲೇ ಹೇಳ್ಬುಡಿ.

ಇನ್ನು ಗದ್ದೆ. ನಾಲೆ ಪಕ್ಕದ ಗದ್ದೆನ ಕೆಂಪಣ್ಣ ಮಾವಂಗೆ ಭೋಗ್ಯಕ್ಕೆ ಹಾಕ್ತೀನಿ, ಹೆಂಗಿದ್ರೂ ಕಬ್ಬಿನ ದುಡ್ಡು ಟೈಮಿಗೆ ಬರಲ್ಲ ಅಂತ ಬರ್ದಿದೀರ. ಓದಿ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. ಮಾವ ಒಳ್ಳೆಯವ್ರೇ, ಆದ್ರೆ ಭೋಗ್ಯಕ್ಕೆ ಹೋದ ಗದ್ದೆ ನಾಲ್ಕು ವರ್ಷದಲ್ಲಿ ವಾಪಸ್ ಬಂದಿದ್ದನ್ನ ನಮ್ಮೂರಲ್ಲಿ ಯಾರಾದ್ರೂ ನೋಡಿದಾರಾ? ಆ ಗದ್ದೆಗೆ ಮಾತ್ರ ವಿಶ್ವೇಶ್ವರಯ್ಯ ನಾಲೆ ನೀರು ಸಲೀಸಾಗಿ ಹರಿಯೋದು, ಮೇಲಿನ ಹೊಲ ಇಟ್ಕೊಂಡು ಏನು ಮಾಡ್ತೀರ, ರಾಗಿ ಹಾಕಿ ಮಳೆ ಕಾಯ್ತಾ ಕೂರ್ತೀರ?

ಬ್ಯಾಂಕಿನ ಮ್ಯಾನೇಜರ್ ಜಮೀನು ಪತ್ರ ಕೇಳಿದ ಅಂದ್ರಲ್ಲ, ಅದನ್ನ ಸ್ವಲ್ಪ ನಿಧಾನವಾಗಿ ಕೇಳಿ. ಎಜುಕೇಶನ್ ಲೋನು 7.5 ಲಕ್ಷದವರೆಗೆ ಆದ್ರೆ ಜಮೀನು, ಮನೆ ಏನೂ ಅಡ ಇಡಬೇಕಾಗಿಲ್ಲ, ಅದಕ್ಕೆ ಕೇಂದ್ರ ಸರ್ಕಾರದ ಕ್ರೆಡಿಟ್ ಗ್ಯಾರಂಟಿ ಇದೆ. 4 ಲಕ್ಷದವರೆಗೆ ನಮ್ಮ ಕೈಯಿಂದ ಮಾರ್ಜಿನ್ ಅಂತ ಹಾಕೋದೂ ಇಲ್ಲ. ಅಪ್ಪ ಅಮ್ಮ ಜೊತೆಗೆ ಸೈನ್ ಹಾಕ್ಬೇಕು ಅಷ್ಟೇ. ಓದು ಮುಗಿದು ಒಂದು ವರ್ಷ ಆದ್ಮೇಲೆ ಕಂತು ಶುರು. ಮನೆ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ರೆ ಓದೋ ಟೈಮಿನ ಬಡ್ಡಿಗೆ ಸಬ್ಸಿಡಿ ಸ್ಕೀಮ್ ಕೂಡ ಇದೆ. ಬಾಯಲ್ಲಿ ಕೇಳಿದ್ರೆ ‘ನೋಡೋಣ, ಮುಂದಿನ ವಾರ ಬನ್ನಿ’ ಅಂತಾರೆ, ಅದ್ಕೆ ಪುಟ್ಟಿ ವಿದ್ಯಾಲಕ್ಷ್ಮಿ ಪೋರ್ಟಲಲ್ಲಿ ಅರ್ಜಿ ಹಾಕ್ಲಿ, ಆಗ ಅರ್ಜಿಗೆ ಒಂದು ನಂಬರ್ ಬರುತ್ತೆ, ನಂಬರ್ ಹಿಡ್ಕೊಂಡು ಹೋದ್ರೆ ಕೂರಿಸಿ ಮಾತಾಡ್ತಾರೆ. ಸಾಲ ಅಂದ್ರೆ ನಿಮಗೆ ಭಯ, ಗೊತ್ತು. ಆದ್ರೆ ಈ ಸಾಲ ತೀರಿಸೋಳು ಪುಟ್ಟಿ, ನಾನೂ ಇದೀನಿ. ಅದೂ ಮೊದಲು ಪುಕ್ಕಟೆ ಬರೋದೆಲ್ಲ ಬರ್ಲಿ, ಕಮ್ಮಿ ಬಿದ್ದಷ್ಟಕ್ಕೆ ಮಾತ್ರ ಸಾಲ.

ಪುಕ್ಕಟೆ ಬರೋದು ಅಂದ್ರೆ ಒಬ್ರೇ ಬಂದು ಪೂರ್ತಿ ಫೀಸು ಕಟ್ಟಲ್ಲ ಅಪ್ಪಾಜಿ. ಇಲ್ಲೂ ಅಷ್ಟೇ, ಅಲ್ಲೂ ಅಷ್ಟೇ. ಅವ್ವ ಹಳೇ ಸೀರೆ ತುಂಡೆಲ್ಲ ಸೇರಿಸಿ ಕೌದಿ ಹೊಲೀತಾಳಲ್ಲ, ಹಂಗೆ ಅಲ್ಲೊಂದು ಇಲ್ಲೊಂದು ಸೇರಿಸಬೇಕು. ಪುಟ್ಟಿ ಹೈಸ್ಕೂಲು, ಪಿಯುಸಿ ಎರಡೂ ಸರ್ಕಾರಿದು ಅಂತ ರಾಜಿ ಅತ್ತೆ ಎಷ್ಟು ಆಡ್ಕೊಂಡ್ರು, ಈಗ ಅದೇ ಕೆಲಸಕ್ಕೆ ಬರೋದು. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸ್ಕಾಲರ್‌ಶಿಪ್ ಹತ್ತನೇ ಕ್ಲಾಸು, ಪಿಯುಸಿ ಎರಡೂ ಸರ್ಕಾರಿಲಿ ಓದಿ ಡಿಗ್ರಿಗೆ ಸೇರಿದ ಹೆಣ್ಣುಮಕ್ಕಳಿಗೇ ಅಂತ ಇರೋದು, ವರ್ಷಕ್ಕೆ 30,000. 2025ರಲ್ಲಿ ಸೆಪ್ಟೆಂಬರಲ್ಲಿ ಅರ್ಜಿ ತಗೊಂಡಿದ್ರು, ಅದ್ಕೆ ಆಗಸ್ಟಿಂದ್ಲೇ ಅವ್ರ ವೆಬ್‌ಸೈಟ್ ನೋಡ್ತಿರು ಪುಟ್ಟಿ. ಸಂತೂರ್ ಸೋಪಿನವ್ರದ್ದೂ ಸರ್ಕಾರಿ ಶಾಲೆ ಹುಡುಗಿಯರಿಗೆ ಒಂದಿದೆ. ಇನ್ಫೋಸಿಸ್ ಫೌಂಡೇಶನ್‌ದು ಸ್ಟೆಮ್ ಸ್ಟಾರ್ಸ್ ಅಂತ, ಇಂಜಿನಿಯರಿಂಗ್, ಸೈನ್ಸ್ ಓದೋ ಹುಡುಗಿಯರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಅದು ಬಂದ್ರೆ ಹಬ್ಬ, ಆದ್ರೆ ಕಾಂಪಿಟೇಶನ್ ಜಾಸ್ತಿ, ಅದನ್ನೇ ನಂಬ್ಕೊಂಡು ಕೂರ್ಬೇಡ.

ಸರ್ಕಾರದ್ದಲ್ಲಿ ದೊಡ್ಡದು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೊಡೋ ಪ್ರಗತಿ ಸ್ಕಾಲರ್‌ಶಿಪ್, ಹುಡುಗಿಯರಿಗೆ ಮಾತ್ರ, ವರ್ಷಕ್ಕೆ 50,000, ಮನೆ ಆದಾಯ 8 ಲಕ್ಷದ ಒಳಗಿರ್ಬೇಕು, ಒಂದು ಮನೆಯಿಂದ ಇಬ್ರು ಹೆಣ್ಣುಮಕ್ಕಳಿಗೆ ಸಿಗುತ್ತೆ. ಪಿಯುಸಿ ಮಾರ್ಕ್ಸ್ ನೋಡಿ ಲಿಸ್ಟ್ ಮಾಡ್ತಾರೆ, ಅರ್ಜಿ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಲ್ಲಿ. ಆದ್ರೆ ಒಂದು ಕಂಡೀಷನ್ನು, ಪ್ರಗತಿ ತಗೊಂಡ್ರೆ ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ತಗೊಳೋ ಹಂಗಿಲ್ಲ. ರೈತರ ಮಕ್ಕಳಿಗೆ ಅಂತ ರಾಜ್ಯ ಸರ್ಕಾರ ರೈತ ವಿದ್ಯಾನಿಧಿ 2021ರಲ್ಲಿ ಶುರು ಮಾಡ್ತಲ್ಲ, ಇಂಜಿನಿಯರಿಂಗ್ ಓದೋ ಹುಡುಗಿಗೆ 11,000 ಅಂತ ಇಟ್ಟಿದ್ದು, ಪ್ರಗತಿ ಸಿಗದೇ ಹೋದ್ರೆ ಅದು. ಅದಕ್ಕೆ ನಿಮ್ಮ ರೈತ ಗುರುತಿನ ನಂಬರ್, ಅದೇ ಎಫ್‌ಐಡಿ ಬೇಕು ಅಪ್ಪಾಜಿ. ಗೊಬ್ಬರಕ್ಕೆ ಹೋದಾಗ ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ ಲಿಂಕ್ ಆಗಿದೆಯಾ ಕೇಳ್ಕೊಂಡು ಬನ್ನಿ, ಅಜ್ಜನ ಹೆಸರಲ್ಲೇ ಇನ್ನೂ ಒಂದು ಸರ್ವೆ ನಂಬರ್ ಇರೋದು ನಂಗೆ ನೆನಪಿದೆ, ಪೌತಿ ಖಾತೆ ಮಾಡಿಸಿ ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ.

ಪುಟ್ಟಿ, ಈಗ ನಿಂಗೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಶಿಯಲ್ ಒಂದು ಥರ, ಆಧಾರಲ್ಲಿ ಇನ್ನೊಂದು ಥರ ಇದ್ರೆ ಮೊದಲು ಅದನ್ನ ಸರಿ ಮಾಡಿಸು, ಅರ್ಜಿ ಬಿದ್ದೋಗೋದೇ ಅಲ್ಲಿ. ಸ್ಕೂಲಲ್ಲಿದ್ದಾಗ ತೆಗೆಸಿದ ಅಕೌಂಟು ಬಳಸದೇ ನಿಂತೋಗಿರುತ್ತೆ, ಬ್ಯಾಂಕಿಗೆ ಹೋಗಿ ಚಾಲೂ ಮಾಡಿಸಿ ಆಧಾರ್ ಮ್ಯಾಪಿಂಗ್ ಅದಕ್ಕೇ ಆಗಿದೆಯಾ ಕೇಳು, ಸರ್ಕಾರದ ದುಡ್ಡು ಆಧಾರ್ ಎಲ್ಲಿ ಮ್ಯಾಪ್ ಆಗಿದೆಯೋ ಆ ಅಕೌಂಟಿಗೇ ಹೋಗೋದು, ನೀನು ಅರ್ಜಿಲಿ ಬರೆದಿದ್ದಕ್ಕಲ್ಲ. ಜಾತಿ ಆದಾಯ ಸರ್ಟಿಫಿಕೇಟು ನಾಡಕಚೇರಿಲಿ ಹೊಸದು ಮಾಡಿಸು. ಫೀಸ್ ರಸೀದಿ, ಅಡ್ಮಿಷನ್ ಲೆಟರ್ ಸ್ಕ್ಯಾನ್ ಮಾಡಿ ಒಂದು ಫೋಲ್ಡರಲ್ಲಿ ಇಟ್ಕೊ. ಎಲ್ಲಕ್ಕೂ ಅದೇ ಪೇಪರ್ರು, ಮತ್ತೆ ಮತ್ತೆ ಅದೇ. ಕಾಲೇಜಲ್ಲಿ ಸ್ಕಾಲರ್‌ಶಿಪ್ ನೋಡ್ಕೊಳೋ ಗುಮಾಸ್ತರ ಪರಿಚಯ ಮಾಡ್ಕೊ, ಅವ್ರು ವೆರಿಫೈ ಒತ್ತದೇ ಹೋದ್ರೆ ಅರ್ಜಿ ಅಲ್ಲೇ ಕೂತಿರುತ್ತೆ.

ಟಾಟಾದವ್ರು ಕೊಡ್ತಾರಂತೆ ಅಂತ ದೊಡ್ಡಪ್ಪ ಅಂದಿದ್ರಲ್ಲ, ಅದು ಜೆ.ಎನ್. ಟಾಟಾ ಎಂಡೋಮೆಂಟು, 1892ರಿಂದ ಇದೆ, ನಮ್ಮ ಅಣು ವಿಜ್ಞಾನಿ ರಾಜಾ ರಾಮಣ್ಣನವರು ಲಂಡನ್ನಿಗೆ ಹೋಗಿದ್ದು ಟಾಟಾ ಸ್ಕಾಲರ್‌ಶಿಪ್ಪಲ್ಲೇ. ಆದ್ರೆ ಅದು ವಿದೇಶಕ್ಕೆ ಮುಂದೆ ಓದೋಕೆ ಹೋಗೋರಿಗೆ, ಅದೂ ಸಾಲದ ಸ್ಕಾಲರ್‌ಶಿಪ್ಪು, ವಾಪಸ್ ಕಟ್ಬೇಕು. ಪುಟ್ಟಿಗೆ ಈಗ ಬರಲ್ಲ.

ಇಲ್ಲಿನ ಕಥೆ ಕೇಳಿದ್ರೆ ನಗ್ತೀರ. ಎಡಗೈಲಿ ಬರೆಯೋರಿಗೆ ಅಂತ ಪೆನ್ಸಿಲ್ವೇನಿಯಾದ ಜೂನಿಯಾಟ ಕಾಲೇಜಲ್ಲಿ ಸ್ಕಾಲರ್‌ಶಿಪ್ ಇದೆ. ಉದ್ದ ಇರೋರ ಸಂಘದವ್ರು ಕೊಡ್ತಾರೆ, ಹುಡುಗಿಯಾದ್ರೆ 5 ಅಡಿ 10 ಇಂಚು ಇರ್ಬೇಕಂತೆ. ಡಕ್ಟ್ ಟೇಪ್ ಅಂತ ಪೈಪಿಗೆ ಸುತ್ತೋ ಗಮ್ ಟೇಪು, ಅದರಲ್ಲೇ ಡ್ರೆಸ್ ಮಾಡಿ ಹಾಕ್ಕೊಂಡು ಫೋಟೋ ಕಳಿಸಿದವ್ರಿಗೆ ಸಾವಿರಾರು ಡಾಲರ್ ಬಹುಮಾನ. ಗಾಲ್ಫ್ ಆಡೋರ ಬ್ಯಾಗ್ ಹೊರೋ ಹುಡುಗ್ರಿಗೆ 1930ರಿಂದ ಒಂದು ಸ್ಕಾಲರ್‌ಶಿಪ್ ಇದೆ, ಪೂರ್ತಿ ಫೀಸು, ಇರೋ ಜಾಗ ಎಲ್ಲ ಸೇರಿ. ಸಸ್ಯಾಹಾರ ಪ್ರಚಾರ ಮಾಡಿದ ಹೈಸ್ಕೂಲ್ ಮಕ್ಕಳಿಗೆ 10,000 ಡಾಲರ್ ಕೊಡೋ ಸಂಘ ಕೂಡ ಇದೆ, ಬಾಡೂಟಕ್ಕೆ ಪಕ್ಕದ ತಾಲೂಕಿಗೂ ಹೋಗೋ ನಮ್ಮ ಮನೆಯವ್ರಿಗೆ ಅದು ಏಳು ಜನ್ಮಕ್ಕೂ ಬರಲ್ಲ ಬುಡಿ. ಇದೆಲ್ಲ ಹೆಚ್ಚುಕಮ್ಮಿ ಇಲ್ಲಿನ ಮಕ್ಕಳಿಗೇ, ಇಲ್ಲಿನ ಸರ್ಕಾರದ ಗ್ರಾಂಟ್ ಅಂತೂ ನಮ್ಮಂತ ವೀಸಾದವ್ರಿಗೆ ಇಲ್ವೇ ಇಲ್ಲ.

ಇನ್ನೊಂದು ವಿಚಿತ್ರ. ನನ್ನ ರೂಂಮೇಟ್ ತಂಗಿಗೆ ಅವ್ರ ಊರಿನ ಸಂಘ 1,000 ಡಾಲರ್ ಕೊಡ್ತು, ಮನೆಯವ್ರೆಲ್ಲ ಖುಷಿಯಾಗಿ ಕೇಕ್ ಕಟ್ ಮಾಡಿದ್ರು, ಅವಳ ಕಾಲೇಜು ‘ಹೊರಗಿಂದ ದುಡ್ಡು ಬಂತಲ್ಲ’ ಅಂತ ತಾನು ಕೊಡ್ತಿದ್ದ ಗ್ರಾಂಟಲ್ಲಿ ಅಷ್ಟೇ ಕಿತ್ಕೊಳ್ತು. ಇದು ಇಲ್ಲಿ ಎಷ್ಟೋ ಕಾಲೇಜಲ್ಲಿ ಮಾಮೂಲಂತೆ, ಸರ್ಕಾರಿ ಕಾಲೇಜುಗಳು ಹಂಗೆ ಮಾಡ್ಬಾರ್ದು ಅಂತ 2017ರಲ್ಲಿ ಮೊದಲು ಕಾನೂನು ತಂದಿದ್ದು ಮೇರಿಲ್ಯಾಂಡ್ ರಾಜ್ಯ. ಅದ್ಕೇ ಹೇಳೋದು, ಪುಟ್ಟಿ ಎರಡು ಕಡೆಯಿಂದ ದುಡ್ಡು ತಗೊಳೋ ಮುಂಚೆ ಎರಡರ ರೂಲ್ಸೂ ಓದ್ಬೇಕು, ಆಮೇಲೆ ವಾಪಸ್ ಕಟ್ಟಿ ಅಂದ್ರೆ ಕಷ್ಟ.

ನಂದು ಹೆಂಗೆ ನಡೀತಿದೆ ಅಂತ ಕೇಳಿದ್ರಿ. ಡಿಪಾರ್ಟ್‌ಮೆಂಟಲ್ಲಿ ವಾರಕ್ಕೆ 20 ಗಂಟೆ ಪಾಠದ ಕೆಲಸ, ವೀಸಾದವ್ರು ಕ್ಲಾಸು ನಡೆಯೋವಾಗ ಅದಕ್ಕಿಂತ ಜಾಸ್ತಿ ಮಾಡೋ ಹಂಗಿಲ್ಲ. ಅದಕ್ಕೆ ಫೀಸು ಮಾಫಿ, ಮೇಲೆ ಸಂಬಳ. ಈ ವರ್ಷ ಪಿಇಒ ಅಂತ ಹೆಂಗಸರ ಸಂಘದವ್ರು ಕೊಡೋ ಪೀಸ್ ಸ್ಕಾಲರ್‌ಶಿಪ್ ಕೂಡ ಬಂದಿದೆ. 1869ರಲ್ಲಿ ನಾನಿರೋ ಇದೇ ಅಯೋವಾ ರಾಜ್ಯದಲ್ಲಿ ಏಳು ಜನ ಕಾಲೇಜು ಹುಡುಗಿಯರು ಕಟ್ಟಿದ ಸಂಘ, 1949ರಿಂದ ಹೊರದೇಶದ ಹೆಣ್ಣುಮಕ್ಕಳಿಗೆ ಕೊಡ್ತಿದಾರೆ. ನಮ್ಮ ಊರಿನ ಸ್ತ್ರೀಶಕ್ತಿ ಸಂಘದವ್ರ ಹಂಗೇ ಇವ್ರೂ ಮನೆಮನೇಲಿ ಸೇರ್ತಾರೆ, ಎಲ್ಲ ಅಜ್ಜಿಯರು, ತಿನ್ನೋಕೆ ತಂದು ಸುರೀತಾರೆ, ನನ್ನ ಕೈಲಿ ಮಂಡ್ಯ ಎಲ್ಲಿದೆ ಅಂತ ಮ್ಯಾಪಲ್ಲಿ ತೋರಿಸ್ಕೊಂಡ್ರು. ನಮ್ಮಲ್ಲಿ ಕಬ್ಬು ಅಂದೆ, ಇಲ್ಲಿ ನಮ್ದು ಜೋಳ ಅಂದ್ರು. ಮುಸುಕಿನ ಜೋಳ ಕಣ್ಣು ಹಾಯೋವರೆಗೂ ಇದೆ ಅಪ್ಪಾಜಿ, ಜನ ತಿನ್ನೋದು ಕಮ್ಮಿ, ಹಂದಿಗೆ, ದನಕ್ಕೆ, ಎಥನಾಲಿಗೆ ಹೋಗೋದೇ ಜಾಸ್ತಿ.

ಅವ್ವ, ನಿಂಗೆ ಒಳ್ಳೆ ಸುದ್ದಿ, ಈ ಸ್ಕಾಲರ್‌ಶಿಪ್ ತಗೊಂಡವ್ರು ಓದು ಮುಗಿದ್ಮೇಲೆ ತಮ್ಮ ದೇಶಕ್ಕೆ ವಾಪಸ್ ಹೋಗ್ತೀವಿ ಅಂತ ಬರ್ಕೊಡ್ಬೇಕು. ನಾನು ಬರ್ಕೊಟ್ಟಿದೀನಿ. ಹಂಗಂತ ರಾಜಿ ಅತ್ತೆಗೆ ಇದನ್ನ ಹೇಳ್ಬೇಡ, ನಾಳೆನೇ ಹುಡುಗನ ಜಾತಕ ಹಿಡ್ಕೊಂಡು ಬರ್ತಾರೆ.

ದುಡ್ಡಿನ ತೊಂದರೆ ನಂಗೆ ಏನೂ ಇಲ್ಲ. ನಿಜವಾಗ್ಲೂ ಇಲ್ಲ. ದೊಡ್ಡ ಜಾಕೆಟ್ ಇದೆ, ಬೂಟಿದೆ, ಅಕ್ಕಿ ಸಿಗುತ್ತೆ, ರಾಗಿಹಿಟ್ಟೂ ಸಿಗುತ್ತೆ. ಪುಟ್ಟಿ ಹಾಸ್ಟೆಲ್ಲಿನ ದುಡ್ಡು ನಾನು ಸೆಮಿಸ್ಟರಿಗೊಂದ್ಸಲ ಕಳಿಸ್ತೀನಿ, ಬೇಡ ಅನ್ಬೇಡಿ, ನಾನೇನು ಉಪವಾಸ ಇದ್ದು ಕಳಿಸ್ತಿಲ್ಲ. ಪ್ರಗತಿ ಬಂದು ಅಜೀಂ ಪ್ರೇಮ್‌ಜಿದೂ ಬಂದ್ರೆ ವರ್ಷಕ್ಕೆ ಎಂಬತ್ತು ಸಾವಿರ ಆಯ್ತು. ಬರ್ದೇ ಹೋದ್ರೂ ಬ್ಯಾಂಕ್ ಲೋನಿದೆ, ನಾನಿದೀನಿ, ಏನೂ ಆಗಲ್ಲ, ಬಿಪಿ ಏರಿಸ್ಕೋಬೇಡಿ.

ಕೆಂಪಣ್ಣ ಮಾವಂಗೆ ಈ ಭಾನುವಾರದ ಒಳಗೆ ‘ಈಗ ಬೇಡ’ ಅಂತ ನೀವೇ ಹೇಳ್ಬುಡಿ. ಅವ್ರು ಬೇಜಾರು ಮಾಡ್ಕೊಂಡ್ರೆ ನಾನು ಫೋನ್ ಮಾಡ್ತೀನಿ. ಏನಾದ್ರೂ ಸೈನ್ ಹಾಕೋ ಪೇಪರ್ ಬಂದ್ರೆ ಮೊದಲು ಫೋಟೋ ತೆಗೆದು ನಂಗೆ ಕಳಿಸಿ.

ಬಸ್ ಟೈಮಾಯ್ತು, ಇದು ಹೋದ್ರೆ ಇನ್ನೊಂದಕ್ಕೆ ಮುಕ್ಕಾಲು ಗಂಟೆ. ಅವ್ವ ಮಂಡಿನೋವಿನ ಮಾತ್ರೆ ಬಿಡ್ಬೇಡ. ಅಜ್ಜಿಗೆ ಕೇಳ್ದೆ ಅಂತ ಹೇಳಿ. ಎಫ್‌ಐಡಿ ಮರೀಬೇಡಿ ಅಪ್ಪಾಜಿ.

ನಿಮ್ಮ ದೊಡ್ಡ ಮಗಳು